ಬೀಗರ ಮನೆಯ ಎರಡು ತುತ್ತು

ಬಸ್ಸು ಕುರುಗೋಡು ಮುಟ್ಟುವ ಮೊದಲೇ ಬಟ್ಟಬಯಲಿನಲ್ಲಿ ಕೆಟ್ಟು ನಿಲ್ಲಬಹುದಿತ್ತು. ನಿಂತ ಕಡೆ ಒಂದು ಜಾಲಿ ಗಿಡದ ಮರೆಯೂ ಇಲ್ಲದಿರಬಹುದಿತ್ತು. ಹುಡುಗನ ಮನೆಯ ಪಾಯಖಾನೆ ನಡುಮನೆಗೆ ಅಂಟಿಕೊಂಡೇ ಇದ್ದು, ಒಳಗಿನ ಸದ್ದು ಹೊರಗೆ ಕೂತ ಹಿರಿಯರಿಗೆಲ್ಲ ಕೇಳಬಹುದಿತ್ತು. ನಲ್ಲಿಯಲ್ಲಿ ನೀರಿಲ್ಲದಿರಬಹುದಿತ್ತು. ಮಗಳ ಮದುವೆಯ ಮಾತು ನಡೆದಿರುವಾಗಲೇ ನಾನು ಎದ್ದು ಓಡಿ, ಹುಡುಗಿಯ ಅಪ್ಪನಿಗೆ ಏನೋ ದೊಡ್ಡ ರೋಗವಂತೆ ಎಂಬ ಸುದ್ದಿ ನಾನು ಬಳ್ಳಾರಿಗೆ ಮರಳುವ ಮೊದಲೇ ಸಿರುಗುಪ್ಪದ ನೆಂಟರನ್ನು ಮುಟ್ಟಬಹುದಿತ್ತು. ಇಷ್ಟನ್ನೂ ನಾನು ಹಿಂದಿನ ವಾರವೇ ಯೋಚಿಸಿ ಮುಗಿಸಿದ್ದೆ.

ಚಿಂತೆಯಾದರೆ ಬೇರೆಯವರ ಹಣೆ ಗಂಟಾಗುತ್ತದೆ, ನನ್ನ ಹೊಟ್ಟೆ ಸಡಿಲಾಗುತ್ತದೆ. ಬ್ರೂಸ್‌ಪೇಟೆಯ ನನ್ನ ಪಾತ್ರೆ ಅಂಗಡಿಗೆ ತೆರಿಗೆಯವರು ಬರುತ್ತಾರೆ ಎಂದು ಯಾರಾದರೂ ಚೇಷ್ಟೆಗೆ ಅಂದರೂ ಸಾಕು, ಗಿರಾಕಿಯನ್ನು ಅಲ್ಲೇ ಬಿಟ್ಟು ಹಿಂದಿನ ಬಾಗಿಲಿಗೆ ಓಡಿರುತ್ತೇನೆ. ಮಗಳ ಪರೀಕ್ಷೆಗಳನ್ನೆಲ್ಲ ಅವಳು ಕೂತು ಬರೆದಳು, ನಾನು ಓಡಾಡಿ ಮುಗಿಸಿದೆ. ಡಾಕ್ಟರು ಎಲ್ಲ ತಪಾಸಣೆ ಮಾಡಿ ಬೇಸತ್ತು ಹೇಳಿದರು: "ಹೊಟ್ಟ್ಯಾಗ ಹುಣ್ಣಿಲ್ಲ, ಹುಳ ಇಲ್ಲ. ನೀವು ಚಿಂತಿ ಮಾಡಿದ್ರ ತಲಿ ಹೋಗಿ ಕರುಳಿಗೆ ಗಾಬರಿ ಹಚ್ಚತೈತಿ. ಮ್ಯಾಲಿನ ಹೊಟ್ಟಿ ತಿಂದದ್ದನ್ನ ಹಿಡಕೊಂಡು ಕುಂದ್ರತೈತಿ, ಕೆಳಗಿನ ಕರುಳು ಓಡಾಕ ಹತ್ತತೈತಿ. ಚಿಂತಿ ಬಿಡ್ರಿ ಸಾಕು." ಚಿಂತೆ ಬಿಡುವುದು ಹೇಗೆ ಎಂದು ಅಂದಿನಿಂದ ಚಿಂತಿಸುತ್ತಿದ್ದೇನೆ.

ಉಪವಾಸ ಹೋಗಿಬಂದರಾಯಿತು ಎನ್ನುವಂತೆಯೂ ಇರಲಿಲ್ಲ. ಹುಡುಗನ ಮನೆ ನೋಡಲು ಹೋದವರು ಸಂಬಂಧ ಒಪ್ಪಿದರೆ ಅಲ್ಲಿ ತಿನ್ನುವುದು, ಒಪ್ಪದಿದ್ದರೆ "ಆಮ್ಯಾಲ ತಿಳಸ್ತೀವಿ" ಎಂದು ತಟ್ಟೆ ಮುಟ್ಟದೆ ಏಳುವುದು ನಮ್ಮವರ ರೂಢಿ. ಬಾಯಿಬಿಟ್ಟು ಯಾರೂ ಒಲ್ಲೆ ಎನ್ನುವುದಿಲ್ಲ. ಮಗಳಿಗೋ ಹುಡುಗ ಮನಸ್ಸಿಗೆ ಬಂದುಬಿಟ್ಟಿದ್ದ. "ಅಪ್ಪಾ, ಏನರ ಆಗಲಿ, ಎರಡು ತುತ್ತು ತಿಂದು ಬಾ," ಎಂದಿದ್ದಳು. ಅವಳ ತಾಯಿ ಅಷ್ಟು ಮೆದುವಾಗಿ ಹೇಳಲಿಲ್ಲ. "ನಿಮ್ಮ ಹೊಟ್ಟಿ ಸಲುವಾಗಿ ಈ ಸಂಬಂಧ ತಪ್ಪಿತಂದ್ರ, ನಮ್ಮ ಮನ್ಯಾಗೂ ನಿಮಗ ತುತ್ತು ಸಿಗಾಂಗಿಲ್ಲ ನೋಡ್ರಿ."

ಕುರುಗೋಡಿನಲ್ಲಿ ನನಗೂ ಹೆಂಡತಿಗೂ ನಮಸ್ಕಾರ ಹೇಳಿ ಕೂರಿಸಿದ ಹುಡುಗನ ತಂದೆ ಎಲ್ಲೋ ಮಾಯವಾದರು. ಹುಡುಗನ ತಾಯಿ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ಭಜಿ ತಂದಿಟ್ಟರು. ಮಿರ್ಚಿ ನೋಡುತ್ತಲೇ ನನ್ನ ಕರುಳು ಎದ್ದು ಕೂತಿತು. ಎಲ್ಲರ ಕಣ್ಣೂ ನನ್ನ ಕೈಮೇಲೆ.

"ಯಾಕ್ರಿ ಅಣ್ಣಾರ, ಹಂಗ ಕುಂತೀರಿ? ನಮ್ಮ ಮನಿ ಮನಸಿಗೆ ಬರಲಿಲ್ಲೇನು?" ಎಂದರು ಹುಡುಗನ ತಾಯಿ.

ಹೆಂಡತಿಯ ಮೊಣಕೈ ನನ್ನ ಪಕ್ಕೆಗೆ ಬಂತು. ಕಣ್ಣು ಮುಚ್ಚಿ ಎರಡು ತುತ್ತು ತಿಂದೆ. ಆ ತಾಯಿಯ ಮುಖ ಅರಳಿದ್ದು ನೋಡಿ, ಧೈರ್ಯ ಜಾಸ್ತಿಯಾಗಿ, ಮಿರ್ಚಿಯನ್ನೂ ಕಚ್ಚಿದೆ. ಹೊಟ್ಟೆ ಗುಡುಗಿತು. ಅದನ್ನು ಮುಚ್ಚಲು ಹೆಂಡತಿ ಕೆಮ್ಮಿದಳು, ಪಾಪ, ಅದೂ ಸಾಲಲಿಲ್ಲ. "ಕೈ ತೊಳಕೊಂಡು ಬರ್ತೀನ್ರಿ," ಎಂದು ಹಿತ್ತಲಿಗೆ ನಡೆದೆ. ನಡೆದೆ ಎಂದು ಮರ್ಯಾದೆಗೆ ಬರೆಯುತ್ತಿದ್ದೇನೆ.

ಪಾಯಖಾನೆಯ ಬಾಗಿಲಿಗೆ ಒಳಗಿನಿಂದ ಚಿಲಕ. ನಾನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ಬೆವರಿದೆ. ಕೊನೆಗೆ ಬಾಗಿಲು ತೆರೆದು ಹೊರಗೆ ಬಂದವರು ಹುಡುಗನ ತಂದೆ, ಮುಖ ಬಾಡಿಸಿಕೊಂಡು.

"ತಪ್ಪು ತಿಳೀಬ್ಯಾಡ್ರಿ," ಎಂದರು. "ನೀವು ತಿಂತೀರೋ ಇಲ್ಲೋ ಅಂತ ಮುಂಜಾನಿಂದ ಒಂದ ಚಿಂತಿ. ಚಿಂತಿ ಆದ್ರ ನನಗ ಹಿಂಗ."

"ತಿಂದೆ ರೀ, ಬೀಗರ," ಎಂದೆ.

ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕೈ ಒದ್ದೆಯಾಗಿತ್ತು, ತೊಳೆದದ್ದೇ ಇರಬೇಕು.

ಒಳಗೆ ಹೋಗಿ ಚಿಲಕ ಹಾಕಿದೆ. ನಲ್ಲಿಯಲ್ಲಿ ನೀರಿತ್ತು. ನಡುಮನೆ ದೂರವಿತ್ತು. ಬಸ್ಸು ಕೆಟ್ಟಿರಲಿಲ್ಲ, ಸಂಬಂಧ ಕುದುರಿತ್ತು. ಇಷ್ಟೆಲ್ಲ ಅನುಕೂಲವಿದ್ದೂ ನನ್ನ ಹೊಟ್ಟೆ ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ. ಕುರುಗೋಡಿನಿಂದ ಬಂದಮೇಲೂ ಕದಲಿಲ್ಲ. ಚಿಂತೆ ಮಾಡಲು ಏನಾದರೂ ಇದೆಯೇ ಎಂದು ಮುಂಜಾನೆಯಿಂದ ಮನೆಯೆಲ್ಲ ಹುಡುಕುತ್ತಿದ್ದೇನೆ.