ಕೋಳಿ ತಿನ್ನದವರ ಹಿತ್ತಿಲು

ನಂಜನಗೂಡಿನ ಹತ್ತಿರದ ಹದಿನಾರು ಎಂಬ ಹಳ್ಳಿಯ ಗ್ರಾಮಸೇವಕ ಚಕ್ರಪಾಣಿಗೆ ಆ ದಿನ ಎರಡು ಕೆಲಸಗಳು ಒಟ್ಟಿಗೆ ಬಂದು ವಕ್ಕರಿಸಿದ್ದವು. ಬೆಳಿಗ್ಗೆ ಪುಟ್ಟರಾಜುವಿನ ಕಬ್ಬಿನ ಹೊಲದಲ್ಲಿ ಕಳೆ ಸಾಯಿಸುವ ಹೊಸ ಔಷಧಿ ಹೊಡೆಸಿ ಊರಿಗೆಲ್ಲ ತೋರಿಸಬೇಕು. ಮಧ್ಯಾಹ್ನ ಒಗೆದ ಪಂಚೆ ಉಟ್ಟು, ಟಿ. ನರಸೀಪುರದಿಂದ ವರನನ್ನು ನೋಡಲು ಬರುವ ಸೀತಾರಾಮ ಶಾಸ್ತ್ರಿಗಳ ಎದುರು ಸಭ್ಯನಾಗಿ ಕೂರಬೇಕು.

ಅವನಿಗೆ ಮೂವತ್ತೆರಡು ದಾಟಿತ್ತು. ಸರ್ಕಾರಿ ಕೆಲಸ ಇದ್ದರೂ ಸಂಬಂಧಗಳು ಬಾಗಿಲವರೆಗೆ ಬಂದು ವಾಪಸು ಹೋಗುತ್ತಿದ್ದವು. ಹಳ್ಳಿಹಳ್ಳಿ ತಿರುಗುವ ಹುಡುಗ, ಯಾರ ಮನೆಯಲ್ಲಿ ಏನೇನು ತಿಂದುಕೊಂಡಿರುತ್ತಾನೋ ಎಂದು ಹೆಣ್ಣು ಹೆತ್ತವರಿಗೆ ಗುಮಾನಿ. ಪಾಪ, ಈರುಳ್ಳಿ ತಿನ್ನುವುದಕ್ಕೂ ವಾರ, ತಿಥಿ ನೋಡುವ ಪ್ರಾಣಿ ಅವನು. ಶಾಸ್ತ್ರಿಗಳ ಮಗಳು ಚಂಪಕಳ ಫೋಟೋ ತಿಂಗಳಿಂದ ಅವನ ಜೇಬಿನಲ್ಲೇ ಇದ್ದು, ತೆಗೆದೂ ತೆಗೆದೂ ಅಂಚೆಲ್ಲ ಮೆತ್ತಗಾಗಿತ್ತು. ಇದೂ ತಪ್ಪಿಹೋದರೆ ಇನ್ನು ಜನ್ಮವೆಲ್ಲ ತನ್ನ ಸಾರು ತಾನೇ ಕುದಿಸಿಕೊಳ್ಳಬೇಕು ಎಂದು ಅವನಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಹೊಲದ ಬದುವಿನ ಮೇಲೆ ಅವನ ಬೀದಿಯ ಚಿಕ್ಕಮಾದಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಹಿಂದೆ ಬೀದಿಯ ಹೆಂಗಸರೆಲ್ಲ. ಪುಟ್ಟರಾಜು ಬೆನ್ನಿಗೆ ಪಂಪು ಕಟ್ಟಿಕೊಂಡು, ಮುಂದಕ್ಕೂ ಹೋಗಲಾರದೆ ಹಿಂದಕ್ಕೂ ಬರಲಾರದೆ ಒದ್ದಾಡುತ್ತಿದ್ದ.

"ಔಸದಿ ಒಡುದ್ರೆ ನಮ್ ಕೋಳಿ ಗತಿ ಏನು ಅಯ್ನೋರೆ? ಬೆಳಗಾದ್ರೆ ಅವು ಮೇಯಾದೇ ಈ ಒಲ್ದಲ್ಲಿ."

"ಕೋಳಿಗೆ ಏನೂ ಆಗಲ್ಲಮ್ಮ" ಎಂದ ಚಕ್ರಪಾಣಿ. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅವನದು ಸುಳ್ಳು ಹೇಳಿದರೆ ನಿದ್ದೆ ಬಾರದ ಜಾತಕ. "ಅಂದ್ರೆ... ಗಿಡದ ಮೇಲೆ ಔಷಧಿ ಆರೋವರೆಗೂ ಆ ಕಡೆ ಬಿಡಬಾರದು. ಇವತ್ತೊಂದಿನ ಕೂಡಿ ಹಾಕಿ."

"ಏನೂ ಆಗಾಕಿಲ್ಲ ಅಂದ್ಮೇಲೆ ಕೂಡಾಕಾದ್ಯಾಕೆ?"

ಚಕ್ರಪಾಣಿ ಔಷಧಿ ಡಬ್ಬದ ಚೀಟಿ ತಿರುಗಿಸಿ ನೋಡಿದ. ಚಿಕ್ಕಮಾದಮ್ಮನೇ ದಾರಿ ತೋರಿಸಿದಳು. "ಅಗಲೊತ್ತು ಮಂಕರಿ ಮುಚ್ಚುದ್ರೆ ಸೆಕೆಗೆ ಸತ್ತೋಯ್ತವೆ. ಗ್ವಾಡೆ ಇರೋ ಇತ್ಲು ಬೇಕು. ನಿಮ್ದೈತಲ್ಲ."

"ನನ್ನದೇ ಯಾಕಮ್ಮ? ರಾಚಮ್ಮನ ಮನೆಗೂ ಗೋಡೆ ಇದೆಯಲ್ಲ."

"ರಾಚಮ್ಮುನ್ ಮನೇಲಿ ಬುಟ್ರೆ ಸಂದೆಗೆ ಸಾರಿನ್ ವಾಸ್ನೆ ಬತ್ತದೆ. ನೀವು ತಿನ್ನಾಕಿಲ್ಲ. ನಿಮ್ಮನೇಲಿ ಬುಟ್ಟ ಕೋಳಿ ಬ್ಯಾಂಕಲ್ಲಿ ಇಟ್ಟಂಗೆ."

ಹೆಂಗಸರೆಲ್ಲ ಹೌದು ಹೌದು ಎಂದರು. ಅರ್ಧ ಗಂಟೆಯೊಳಗೆ ಬೀದಿಯ ಅಷ್ಟೂ ಕೋಳಿಗಳು ಕಂಕುಳಲ್ಲಿ ಕೂತು, ಕಾಲಿಗೆ ದಾರ ಕಟ್ಟಿಸಿಕೊಂಡು, ಬೈದುಕೊಳ್ಳುತ್ತಾ ಬಂದು ಗ್ರಾಮಸೇವಕರ ಹಿತ್ತಿಲು ಸೇರಿದವು. ಚಕ್ರಪಾಣಿ ಓಣಿ ಕಡೆಯ ಬಾಗಿಲಿಗೆ ಬೀಗ ಜಡಿದು, ಕೀಲಿಯನ್ನು ಚಂಪಕಳ ಫೋಟೋದ ಪಕ್ಕ ಇಟ್ಟುಕೊಂಡ. ಶಾಸ್ತ್ರಿಗಳು ಬರುವುದರೊಳಗೆ ಎಲ್ಲ ಮುಗಿದಿರುತ್ತದೆ ಎಂದು ಅವನ ಲೆಕ್ಕ.

ಲೆಕ್ಕಕ್ಕೆ ಮೊದಲು ಅಡ್ಡ ಬಂದದ್ದು ಗಾಳಿ. ಪುಟ್ಟರಾಜು ಔಷಧಿ ಕಲಸಿ ಪಂಪಿಗೆ ತುಂಬಿದ್ದೇ ತಡ, ಕಬ್ಬಿನ ಗರಿಯೆಲ್ಲ ಒಂದೇ ಕಡೆಗೆ ಮಲಗಿದವು.

"ನಿಲ್ಲಿಸೋ! ಗಾಳೀಲಿ ಹೊಡೆದ್ರೆ ಪಕ್ಕದವರ ಅವರೆ ಗಿಡಕ್ಕೆ ಬೀಳುತ್ತೆ. ನಾಳೆ ನೋಡೋಣ."

"ಕಲ್ಸಿರೋದ್ನ ಏನ್ಮಾಡ್ಲಿ ಸಾ?"

"ನಾಳೆವರೆಗೆ ಇಡಬೇಡ, ಕೆಡುತ್ತೆ. ಕಾಲುವೆಗೂ ಚೆಲ್ಲಬೇಡ, ದನ ಕುಡೀತವೆ."

"ಅಂಗಾರೆ?"

ಹಾಗಾದರೆ ಏನು ಎಂಬುದನ್ನು ಹೇಳಲು ಚಕ್ರಪಾಣಿ ಬಾಯಿ ತೆರೆಯುತ್ತಿದ್ದ. ಅಷ್ಟರಲ್ಲಿ ಬೀದಿಯ ಕಡೆಯಿಂದ ನೆರೆಮನೆಯ ಚಲುವಯ್ಯ ಕೂಗಿದ: "ಅಯ್ನೋರೇ, ಯಾರೋ ಛತ್ರಿ ಇಡ್ಕಂಡು ನಿಮ್ ಜಗಲಿ ಮ್ಯಾಲೆ ಕುಂತವ್ರೆ!" ಶಾಸ್ತ್ರಿಗಳು ಮುಂಚಿನ ಬಸ್ಸಿಗೇ ಬಂದುಬಿಟ್ಟಿದ್ದರು. ಚಕ್ರಪಾಣಿ ಪುಟ್ಟರಾಜುವನ್ನು, ಪಂಪನ್ನು, ಮಾತನ್ನು ಅಲ್ಲೇ ಬಿಟ್ಟು ಓಡಿದ.

ಸೀತಾರಾಮ ಶಾಸ್ತ್ರಿಗಳು ವೈದಿಕರು, ಮಿತಭಾಷಿಗಳು. ಆಡುವ ನಾಲ್ಕು ಮಾತನ್ನೂ ವಿಚಾರಣೆಗೇ ಮೀಸಲಿಡುವಂಥವರು. ಎಲೆ ಹಾಕಿಸಿಕೊಂಡು, ಅನ್ನಕ್ಕೆ ಸಾರು ಕಲಸುತ್ತಾ ಕೇಳಿದರು:

"ಹಳ್ಳಿ ವಾಸ. ಆಹಾರದ ವಿಷಯದಲ್ಲಿ ಹೇಗೆ?"

"ಬಹಳ ಕಟ್ಟುನಿಟ್ಟು."

ಹಿತ್ತಿಲಿನಿಂದ ಒಂದು ಹುಂಜ ಗಂಟಲು ಹರಿಯುವ ಹಾಗೆ ಕೂಗಿತು.

"ಪಕ್ಕದ ಮನೆಯದು" ಎಂದ ಚಕ್ರಪಾಣಿ.

"ನಿಮ್ಮ ಅಡುಗೆಮನೆಯಿಂದ ಬಂದ ಹಾಗಿತ್ತು."

"ಗೋಡೆ... ಗೋಡೆ ತೆಳು."

ಬೇರೆಬೇರೆ ಮನೆಯ ಹುಂಜಗಳು ಒಂದೇ ಹಿತ್ತಿಲಲ್ಲಿ ಸೇರಿದರೆ ಸುಮ್ಮನಿರುತ್ತವೆಯೇ? ಚುನಾವಣೆ ಸಭೆಯಂತೆ ಗಲಾಟೆ ಏರಿತು. ಚಕ್ರಪಾಣಿ ಗಟ್ಟಿಯಾಗಿ ಕೆಮ್ಮಿದ, ಚೊಂಬು ಉರುಳಿಸಿದ, ಬೇಡವೆಂದರೂ ಮತ್ತೆ ಮತ್ತೆ ಸಾರು ಬಡಿಸಿದ. ಶಾಸ್ತ್ರಿಗಳ ಎಲೆಯಲ್ಲಿ ಸಾರು ಕೆರೆ ಕಟ್ಟಿತು. ಅದೇ ಹೊತ್ತಿಗೆ ಚಿಕ್ಕಮಾದಮ್ಮ ನುಚ್ಚಿನ ಮೊರ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡಳು.

"ಇತ್ಲ ಕೀಲಿ ಕೊಡಿ ಅಯ್ನೋರೆ, ಕೋಳಿಗೊಳ್ಗೆ ನುಚ್ಚಾಕ್ಬೇಕು."

ಶಾಸ್ತ್ರಿಗಳ ತುತ್ತು ಎಲೆಗೂ ಬಾಯಿಗೂ ನಡುವೆ ನಿಂತಿತು. "ಯಾವ ಕೋಳಿ?"

ಚಕ್ರಪಾಣಿಯ ಕಣ್ಣೆದುರು ಚಂಪಕ ನರಸೀಪುರದ ಬಸ್ಸು ಹತ್ತಿ ಹೊರಟೇಹೋದಳು. ಆದರೆ ಚಿಕ್ಕಮಾದಮ್ಮ ಮೊರ ಕೆಳಗಿಟ್ಟು, ಔಷಧಿ, ಗೋಡೆ, ರಾಚಮ್ಮ ಎಲ್ಲವನ್ನೂ ಬಿಡಿಸಿ ಹೇಳಿ, ಕಡೆಗೆ ಸೆರಗಿನಿಂದ ಮೂಗೊರೆಸಿಕೊಂಡು, "ತಿನ್ನೋರಾಗಿದ್ರೆ ನಾವು ಬುಡ್ತಿದ್ವಾ ಸಾಮಿ? ಈವಪ್ಪ ಮೊಟ್ಟೇನೂ ಮುಟ್ಟಾಕಿಲ್ಲ. ಅದ್ಕೇ ನಂಬ್ಕೆ" ಎಂದಳು.

ಶಾಸ್ತ್ರಿಗಳು ಆ ದಿನ ಮೊದಲ ಸಲ ನಕ್ಕರು. "ನಾನು ನಂಜನಗೂಡಿನಲ್ಲಿ ಯಾರ್ಯಾರನ್ನೋ ವಿಚಾರಿಸಿದೆ. ಕೋಳಿ ಸಾಕಿದವರೇ ಹೀಗೆ ಹೇಳಿದ ಮೇಲೆ ಇನ್ನು ಯಾರನ್ನು ಕೇಳಲಿ? ಆಷಾಢ ಕಳೆಯಲಿ, ಮುಹೂರ್ತ ನೋಡೋಣ."

ಚಕ್ರಪಾಣಿಗೆ ಸಂತೋಷದಿಂದ ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಳ್ಳುವಷ್ಟರಲ್ಲಿ ಪುಟ್ಟರಾಜು ಹಲ್ಲು ಕಿರಿಯುತ್ತಾ ಬಾಗಿಲಿಗೆ ಬಂದ. ಪಂಪು ಖಾಲಿಯಾಗಿತ್ತು.

"ಸಾ, ಇಡಬ್ಯಾಡ ಅಂದ್ರಿ, ಚೆಲ್ಲಬ್ಯಾಡ ಅಂದ್ರಿ. ನಿಮ್ಮನೇತಾವ ಗಾಳಿ ಮರೆ ಐತೆ, ಕಾಂಗ್ರೆಸ್ ಗಿಡ ಆಳುದ್ದ ಬೆಳ್ದವೆ. ಅದ್ಕೇ ಒಡ್ದುಬುಟ್ಟೆ. ನೆಂಟ್ರು ಬಂದವ್ರೆ, ಚೊಕ್ಕಾಗ್ಲಿ ಅಂತ."

ಹುಂಜಗಳ ಗಲಾಟೆಯಲ್ಲಿ ಪಂಪಿನ ಸದ್ದು ಯಾರಿಗೂ ಕೇಳಿರಲಿಲ್ಲ. ಗಾಳಿ ಮರೆ ಎಂದರೆ ಗೋಡೆಯಿರುವ ಹಿತ್ತಿಲೇ ಎಂದುಕೊಂಡ ಚಕ್ರಪಾಣಿ. ಬೀದಿಯ ಕೋಳಿಗಳನ್ನೆಲ್ಲ ಔಷಧಿಯಿಂದ ಕಾಪಾಡಲು ತಾನೇ ಕೂಡಿಹಾಕಿದ ಜಾಗಕ್ಕೇ ಔಷಧಿ! ಅವನು ಮುಂದಿನ ಮಾತಿಗೆ ಕಾಯಲಿಲ್ಲ. ಹಿತ್ತಿಲ ಬಾಗಿಲು ತೆರೆದು, ಪೊರಕೆ ಹಿಡಿದು, ಅಷ್ಟೂ ಕೋಳಿಗಳನ್ನು "ಹುಶ್ ಹುಶ್" ಎಂದು ಮನೆಯೊಳಕ್ಕೆ ನುಗ್ಗಿಸಿದ. ಅವು ಅಡುಗೆಮನೆ ದಾಟಿ, ನಡುಮನೆ ತುಂಬಿ, ಶಾಸ್ತ್ರಿಗಳ ಎಲೆ ತುಳಿದು, ಸಾರಿನ ಕಾಲಲ್ಲಿ ಹೆಜ್ಜೆ ಮೂಡಿಸುತ್ತಾ ಮುಂಬಾಗಿಲಿನಿಂದ ಹೊರಗೆ ಹಾರಿದವು. ಹೊರಗಿನ ಗಿಡಗಳಿಗೆ ಬಿದ್ದು ಖುಷಿಯಾಗಿ ಕುಕ್ಕತೊಡಗಿದವು.

ಪುಟ್ಟರಾಜು ತಲೆಯ ಮೇಲೆ ಕೈಯಿಟ್ಟುಕೊಂಡ. "ಇದ್ಯಾಕ್ಸಾ ಈ ಕಡೀಕೆ ಬುಟ್ರಿ? ನಾನೊಡ್ದದ್ದು ಮುಂದ್ಲು ಗಿಡಕ್ಕೆ! ಇತ್ಲಿಗೆ ನೀವೇ ಬೀಗ ಆಕಿದ್ರಲ್ಲ, ಎಂಗೋಗ್ಲಿ?"

ಆಮೇಲಿನ ಒಂದು ಗಂಟೆಯನ್ನು ಆ ಬೀದಿಯವರು ಬಹಳ ವರ್ಷ ಹೇಳಿಕೊಂಡು ನಕ್ಕರು. ಓಡಿಸಿದ ಕೋಳಿಗಳನ್ನು ಮತ್ತೆ ಅದೇ ನಡುಮನೆಯಿಂದ ಹಿತ್ತಿಲಿಗೆ ಅಟ್ಟಬೇಕಾಯಿತು. ಚಕ್ರಪಾಣಿಯ ಪಂಚೆ ಮೊಣಕಾಲಿಗೆ ಏರಿತು. ಶಾಸ್ತ್ರಿಗಳು ಕೂಡ ಎಂಜಲು ಕೈಯಲ್ಲೇ ಛತ್ರಿ ಅಗಲಿಸಿ ಬೀದಿಗೆ ಅಡ್ಡ ನಿಂತರು. ಎಲ್ಲ ಮುಗಿದ ಮೇಲೆ ಸಂಬಂಧವೂ ಮುಗಿಯಿತೆಂದು ಚಕ್ರಪಾಣಿ ತಲೆತಗ್ಗಿಸಿದರೆ, ಆ ಪುಣ್ಯಾತ್ಮರು ಏದುಸಿರು ಬಿಡುತ್ತಾ, "ಮೈಲಿಗೆಗೆ ಸ್ನಾನ ಇದೆ. ಕಾಲುವೆಗೆ ಹೋಗಿ ಬರುತ್ತೇನೆ. ಊರವರ ಕೋಳಿಗೆ ಇಷ್ಟು ಒದ್ದಾಡುವವನು ನನ್ನ ಮಗಳನ್ನು ಕೈಬಿಡಲಾರ" ಎಂದರು. ಅಂಥ ಮಾವ ಎಲ್ಲರಿಗೂ ಸಿಗುವುದಿಲ್ಲ.

ಶಾಸ್ತ್ರಿಗಳು ಮಿಂದು, ಜಪ ಮುಗಿಸಿ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಹೆಂಗಸರು ಕೋಳಿ ಬಿಡಿಸಿಕೊಳ್ಳಲು ಬಂದಿದ್ದರು. ಚಕ್ರಪಾಣಿ ಜಗಲಿಯ ಮೇಲೆ ನಿಂತು ಸತ್ಯವನ್ನೇ ಹೇಳಿದ. "ಹಸಿ ಔಷಧಿ ಇದ್ದ ಗಿಡ ಕುಕ್ಕಿವೆ. ಗಾಬರಿ ಬೇಡ. ಆದರೆ ಒಂದು ವಾರ ಈ ಕೋಳೀನಾಗಲಿ, ಮೊಟ್ಟೇನಾಗಲಿ ಯಾರೂ ತಿನ್ನಬೇಡಿ. ತಿಂದವರಿಗೆ ವಾಂತಿ, ಸಂಕಟ ಏನಾದರೂ ಆದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು."

"ನಮ್ ಕೆಂಪು ಯಾಟೆ ಎಲ್ಲಿ?" ಎಂದಳು ಚಿಕ್ಕಮಾದಮ್ಮ.

ಹಿತ್ತಿಲು ಹುಡುಕಿದರು, ಅಟ್ಟ ಹುಡುಕಿದರು, ಬಾವಿಗೆ ಇಣುಕಿದರು. ಕೆಂಪು ಹೇಂಟೆ ಇಲ್ಲ. ಎಲ್ಲರ ಕಣ್ಣೂ ನಿಧಾನವಾಗಿ ಶಾಸ್ತ್ರಿಗಳ ಕಡೆ ತಿರುಗಿತು. ಆ ಬೀದಿಯಲ್ಲಿ ಬೀಗರು ಬಂದ ದಿನ ಹೇಂಟೆ ಕಾಣೆಯಾಯಿತೆಂದರೆ ಅದಕ್ಕೆ ಒಂದೇ ಅರ್ಥ.

ಚಿಕ್ಕಮಾದಮ್ಮನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎಷ್ಟೋ ವಾಸಿಯಿತ್ತು. ಅವಳಿಗೆ ಕನಿಕರ ಬಂತು. "ಸಾಮಿ, ಕೋಳಿ ಓದ್ರೆ ಓಗ್ಲಿ, ಇನ್ನೊಂದು ಸಾಕ್ತೀನಿ. ತಿಂದಿದ್ರೆ ನಾಚ್ಕಬ್ಯಾಡಿ, ಏಳ್ಬುಡಿ. ಜೀವ ದೊಡ್ದು."

"ಏನಂದೆ?" ಎಂದು ಶಾಸ್ತ್ರಿಗಳು ಎದ್ದು ನಿಂತರು. ಎದ್ದ ರಭಸಕ್ಕೆ, ಮಧ್ಯಾಹ್ನದ ಅಷ್ಟೂ ಸಾರು ಒಂದು ದೊಡ್ಡ ತೇಗಾಗಿ ಹೊರಟಿತು.

"ಅಯ್ಯೋ, ಸಂಕ್ಟ ಸುರುವಾಯ್ತು!" ಎಂದು ರಾಚಮ್ಮ ಚೀರಿದಳು. ಯಾರೋ ವಾಂತಿ ಮಾಡಿಸಲು ಉಪ್ಪುನೀರು ತಂದರು. ಚಲುವಯ್ಯ ಬೆನ್ನು ಸವರತೊಡಗಿದ. "ಅಯ್ನೋರಾದ್ರೇನು, ಆಸೆ ಯಾರ್ಗಿಲ್ಲ, ಕಕ್ಬುಡಿ ಸಾಮಿ" ಎಂದು ಇನ್ಯಾರೋ ಧೈರ್ಯ ಹೇಳಿದರು. ಚಕ್ರಪಾಣಿ ನಡುವೆ ನುಗ್ಗಿ, "ಅವರು ತಿಂದಿಲ್ಲ, ಖಂಡಿತ ತಿಂದಿಲ್ಲ!" ಎಂದು ಅರಚಿದ. ಕೆಂಪಗಾದ ಶಾಸ್ತ್ರಿಗಳು ಛತ್ರಿ ಕಿತ್ತುಕೊಂಡು, "ನಿಮ್ಮ ಊರೂ ಬೇಡ, ನಿಮ್ಮ ಸಂಬಂಧವೂ ಬೇಡ" ಎಂದು ನಂಜನಗೂಡಿನ ಮೇಲೆ ನರಸೀಪುರಕ್ಕೆ ಹೋಗುವ ಬಸ್ಸು ನಿಲ್ಲುವ ಕಡೆಗೆ ಹೊರಟುಹೋದರು.

ಜನ ಚದುರಿದ ಮೇಲೆ ಚಕ್ರಪಾಣಿ ಜಗಲಿಯ ಮೇಲೆ ಕುಸಿದು ಕುಳಿತ. ಇಷ್ಟು ಹೊತ್ತೂ ಕಂಬದ ಮರೆಯಲ್ಲಿದ್ದ ಪುಟ್ಟರಾಜು ಹತ್ತಿರ ಬಂದು ಪಿಸುಗುಟ್ಟಿದ.

"ಸಾ, ನಿಮ್ ಬಾಗ್ಲಿಂದ ಆರಿ ಬಂದು ಆ ಯಾಟೆ ನನ್ ಕೈಗೇ ಸಿಕ್ತು. ಮನೆಗೆ ಬಾಮೈದ ಬಂದಿದ್ದ, ಸಾರು ಮಾಡ್ಕಂಡು ತಿಂದ್ಬುಟ್ವಿ. ಅದು ಗಿಡ ಕುಕ್ತೋ ಇಲ್ವೋ ನೋಡ್ನಿಲ್ಲ. ಈಗ ಒಟ್ಟೆ ಒಂಥರಾ ಆಯ್ತದೆ ಸಾ."

ಹೊಡೆಯಲು ಎತ್ತಿದ ಕೈಯನ್ನು ಚಕ್ರಪಾಣಿ ಹಾಗೇ ಇಳಿಸಿದ. ಪುಟ್ಟರಾಜುವಿನ ಮುಖ ನಿಜವಾಗಿಯೂ ಬಿಳಿಚಿಕೊಂಡಿತ್ತು. ಅದು ಭಯವೋ ಔಷಧಿಯೋ ಹೇಳಲು ಇವನೇನು ಡಾಕ್ಟರಲ್ಲ. "ಬಾಮೈದ ಎಲ್ಲಿ?"

"ಅವ್ನು ಗುಂಡ್ಕಲ್ಲು ಸಾ, ಗೊರ್ಕೆ ಒಡೀತಾವ್ನೆ. ಯಾರ್ಗೂ ಏಳ್ಬ್ಯಾಡಿ, ನಿಮ್ ದಮ್ಮಯ್ಯ, ಚಿಕ್ಕಮಾದಮ್ಮ ನನ್ ಚರ್ಮ ಸುಲೀತಾಳೆ."

ಚಕ್ರಪಾಣಿ ಅವನ ರಟ್ಟೆ ಹಿಡಿದು ಬಸ್ಸಿಗೆ ಓಡಿದ. ಹೊರಡುತ್ತಿದ್ದ ಬಸ್ಸನ್ನು ಕೈಯಡ್ಡ ಹಾಕಿ ನಿಲ್ಲಿಸಿ ಇಬ್ಬರೂ ಹತ್ತಿದರು. ಊರಿನ ಸುದ್ದಿ ಕಂಡಕ್ಟರಿಗೆ ಆಗಲೇ ಮುಟ್ಟಿತ್ತು.

"ಏನ್ಸಾ, ಆಸ್ಪತ್ರೆಗಾ? ಕೋಳಿ ತಿಂದೋರು ಯಾರು?"

ಬಸ್ಸಿನಲ್ಲಿದ್ದ ಊರವರೆಲ್ಲ ಕತ್ತು ಹೊರಳಿಸಿದರು. ಪುಟ್ಟರಾಜು ಒಂದು ಕ್ಷಣವೂ ಯೋಚಿಸದೆ ಚಕ್ರಪಾಣಿಯ ಹೆಗಲ ಮೇಲೆ ಕೈಯಿಟ್ಟು, "ಪಾಪ, ನಮ್ ಗ್ರಾಮಸೇವಕ್ರು. ನಾನು ಜೊತೆಗೆ ಬಂದಿವ್ನಿ" ಎಂದ.

ಮುಂದಿನ ಸೀಟಿನಿಂದ ಸೀತಾರಾಮ ಶಾಸ್ತ್ರಿಗಳು ನಿಧಾನವಾಗಿ ಹಿಂತಿರುಗಿ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಮಗಳು ಪಾರಾದಳು ಎಂಬ ಸಮಾಧಾನ ಎದ್ದು ಕಾಣುತ್ತಿತ್ತು.

"ನಾನು ಸ್ನಾನಕ್ಕೆ ಹೋಗಿದ್ದೆನಲ್ಲ," ಎಂದರು ಮೆಲ್ಲಗೆ, "ಆಗ ತಾನೆ?"