ಒಂದು ವಾರ ಎಡ, ಒಂದು ವಾರ ಬಲ

ಹೆಂಡತಿ ಹೋಗಿ ವರ್ಷ ಆಯ್ತು. ನಗೋ ಮನೆಯಲ್ಲ ನಮ್ಮದು. ಆದರೂ ನಗು ಬರೋ ಇಂಥವು ಆಗ್ತಲೇ ಇರ್ತವೆ.

ಮಗಳು ಬಸುರಿ. ಮೊದಲನೇದು ದಿನ ತುಂಬದೆ ಹುಟ್ಟಿ ಉಳೀಲಿಲ್ಲ. ಅದಕ್ಕೇ ಈ ಸಲ ಪಾಂಡವಪುರದ ಡಾಕ್ಟರಮ್ಮ ಗರ್ಭ ನಿಲ್ಲೋಕೆ ಹಾರ್ಮೋನು ಇಂಜೆಕ್ಷನ್ನು ಬರೆದರು. ವಾರಕ್ಕೊಂದು, ತಪ್ಪಬಾರದು. ಒಂದು ವಾರ ಎಡ ಸೊಂಟಕ್ಕೆ, ಒಂದು ವಾರ ಬಲಕ್ಕೆ. ಹೆಂಡತಿ ಹಾಲಿನ ಲೆಕ್ಕ ಬರೀತಿದ್ದಂಗೆ ಕ್ಯಾಲೆಂಡರಿನಲ್ಲಿ ಅದನ್ನ ಬರೆದಿಡೋನು ನಾನು.

ಮೊಸರಿನ ಹಿಂದೆ

ಔಷಧಿ ತಂದು ಫ್ರಿಜ್ಜಲ್ಲಿಟ್ಟೆ. ಹಸುವಿನ ಲಸಿಕೆ ಐಸಲ್ಲೇ ಅಲ್ವಾ ಬರೋದು?

ಆಸ್ಪತ್ರೆ ಸಿಸ್ಟರು ಡಬ್ಬಿ ಮುಟ್ಟಿ ನೋಡಿದರು, ತಣ್ಣಗಿತ್ತು. "ಇದು ಎಣ್ಣೆ ಔಷಧಿ ಯಜಮಾನ್ರೇ. ಫ್ರಿಜ್ಜಲ್ಲಿ ಇಡಬಾರದು. ಬೇರೆ ತನ್ನಿ. ಡಬ್ಬಿ ಮೇಲೇ ಬರೆದವ್ರಲ್ಲ?"

"ಇಂಗ್ಲಿಷು ಬರಲ್ಲ ಕಣವ್ವ."

"ಮಗಳನ್ನ ಕೇಳ್ಬೇಕಿತ್ತು."

"ಬಯ್ತಾಳೆ ಅಂತಲೇ ಮೊಸರಿನ ಹಿಂದೆ ಇಟ್ಟಿದ್ದೆ."

ಹಸುಗಳು ಏನೂ ಅನ್ನಲ್ಲ

ಒಂದು ವಾರ ಸೂಜಿ ದಿನವೇ ಬಸ್ಸು ಬರಲಿಲ್ಲ. ಡೈರಿ ಹಸುಗಳಿಗೆ ಸೂಜಿ ಹಾಕೋ ಗೆಳೆಯ ಬಂದ.

"ನಾನೇ ಆಕ್ಬುಡ್ತೀನಿ ಕಣ್ಲಾ. ಇಷ್ಟು ವರ್ಸದಲ್ಲಿ ಒಂದ್ ಹಸುವಾದ್ರೂ ನೋವು ಅಂದೈತಾ?"

ಮಗಳು ಒಳಗಿಂದ ಕೂಗಿದಳು. "ಮಾವ, ಒದ್ದಿರೋದನ್ನೂ ಯೋಳು!"

ಅವನು ಮೊಣಕಾಲು ಉಜ್ಜಿಕೊಂಡು ಹೋಗಿ ಆಟೋ ಕರ್ಕೊಂಡು ಬಂದ.

ಚೀಲದ ಪ್ರಯಾಣ

ಸೂಜಿ ದಿನ ಮಂಗಳವಾರ. ಪಕ್ಕದ ಮನೆ ಅಜ್ಜಿಗೆ ಅದು ಸರಿಬರಲಿಲ್ಲ. "ಬಸುರಿ ಮಂಗಳವಾರ ಹೊರಡೋದಾ?"

"ದಿನ ಬದಲಾಯಿಸಬಾರದಂತೆ ಅಜ್ಜಿ."

"ಅಂಗಾದ್ರೆ ಚೀಲ ಕೊಡು." ಒಳ್ಳೇ ದಿನ ಚೀಲ ಮುಂದಾಗಿ ಬೇರೆ ಮನೇಲಿಟ್ಟರೆ ಪ್ರಯಾಣ ಅವತ್ತೇ ಹೊರಟಂಗೆ ಲೆಕ್ಕ ನಮ್ಮಲ್ಲಿ. ಸೋಮವಾರವೇ ಚೀಲ ಅಜ್ಜಿ ಮನೆ ಸೇರಿತು.

ಮಂಗಳವಾರ ಆಸ್ಪತ್ರೇಲಿ ಸಿಸ್ಟರು ಕೈ ಚಾಚಿದರು. "ಡಾಕ್ಟರ ಚೀಟಿ ಕೊಡಿ. ನೋಡದೆ ಹಾಕಲ್ಲ."

ಚೀಟಿ ಚೀಲದಲ್ಲಿ. ಚೀಲ ಅಜ್ಜಿ ಮನೇಲಿ.

ನನ್ನ ಬಾಯಿಂದ ಬಂದುಬಿಡ್ತು. "ನೆನ್ನೆನೇ ಹೊರಟೈತೆ. ಇನ್ನೂ ಬಂದಿಲ್ವಾ?"

ಆಟೋ ಹಿಡಿದು ಊರಿಗೆ ಹೋಗಿ ತಂದೆ. ಸೂಜಿ ತಪ್ಪಲಿಲ್ಲ.

ಹೋದ ಸಲ

ಕೊನೇ ತಿಂಗಳಿಗೆ ಡಾಕ್ಟರಮ್ಮ ಸೂಜಿ ಸಾಕು ಅಂದರು. ದಿನ ತುಂಬಿತು. ಹೆರಿಗೆ ಕೋಣೆ ಹೊರಗೆ ನಿಂತಿದ್ದೆ. ಹೆಂಡತಿ ಇದ್ದಿದ್ದರೆ ಒಳಗಿರೋಳು.

ಅಳು ಕೇಳಿಸ್ತು. ಗಟ್ಟಿ ಅಳು. ಸ್ವಲ್ಪ ಹೊತ್ತಿಗೆ ಒಳಗೆ ಬಿಟ್ಟರು. ಸಿಸ್ಟರು ಮೊಮ್ಮಗಳನ್ನ ತೋರಿಸಿ, ಹುಟ್ಟಿದ ಕೂಸಿಗೆ ಹಾಕೋ ಸೂಜಿ ತೆಗೆದರು.

ನನಗೆ ಕಣ್ಣು ಮಂಜು. ಅಭ್ಯಾಸ ನೋಡಿ, ಅಂದುಬಿಟ್ಟೆ. "ಹೋದ ಸಲ ಬಲಕ್ಕೆ ಆಗೈತೆ. ಈಗ ಎಡಕ್ಕೆ ಹಾಕವ್ವ."

"ಯಜಮಾನ್ರೇ, ಇದು ಹುಟ್ಟಿ ಅರ್ಧ ಗಂಟೆ ಆಗಿಲ್ಲ. ಹೋದ ಸಲ ಎಲ್ಲಿಂದ ಬಂತು?"

ಮಗಳು ಹೊಟ್ಟೆ ಹಿಡ್ಕೊಂಡು ನಕ್ಕಳು. ಅವಳವ್ವ ಹೋದ ಮೇಲೆ ಅಂಗೆ ನಕ್ಕಿದ್ದು ಅವತ್ತೇ.

ಸಿಸ್ಟರು ನನ್ನ ಹೊರಗೆ ದಬ್ಬಿದರು. "ಹೊಲಿಗೆ ಹಾಕಿವ್ನಿ ಈಗಷ್ಟೇ. ಇವಳು ನಕ್ಕು ಬಿಚ್ಚಿದ್ರೆ ನೀವೇ ಹೊಲೀಬೇಕು!"