ಎಮ್ಮಿಗನೂರಿನಿಂದ ತಂದ ಗುಳಿಗೆ

ನಾನು ಮೊದಲ ಸಲ ಮನೆ ಬಿಟ್ಟು ಹೋದದ್ದು ಕಾರಹುಣ್ಣಿವೆಯ ಮರುದಿನ, ಐದನೇ ಕ್ಲಾಸಿನ ಪುಸ್ತಕಗಳನ್ನು ಮಾರಿ. ಆಮೇಲೆ ಹೋಗುವುದು, ಬರುವುದು ಚಟವಾಯಿತು. ಎಲ್ಲಿಗೆ ಹೋದರೂ ತಲೆ ತಗ್ಗಿಸುವಂಥದ್ದು ಏನಾದರೊಂದು ನನಗಾಗಿಯೇ ಕಾದು ಕೂತಿರುತ್ತದೆ. ಉಳಿದವನ್ನು ಬಿಡಿ, ಆದವಾನಿಯಲ್ಲಿ ಆ ಒಂದು ತಿಂಗಳಲ್ಲಿ ಆದದ್ದಷ್ಟು ಹೇಳುತ್ತೇನೆ. ನೀವು ನಗಿರಿ. ನನಗಂತೂ ಇನ್ನೂ ನಾಚಿಕೆಯೇ.

೧. ಎಷ್ಟು ಮಕ್ಕಳು

ಹತ್ತು ತಿಂಗಳು ತಿರುಗಾಡಿ ಆಗಷ್ಟೇ ಆದವಾನಿಯ ಮನೆಗೆ ಬಂದು ಕಟ್ಟೆಯ ಮೇಲೆ ಚಾ ಕುಡಿಯುತ್ತಿದ್ದೆ. ಸರ್ಕಾರಿ ನರ್ಸಮ್ಮ ಪುಸ್ತಕ ಹಿಡಿದು ಬಂದರು. ಮಕ್ಕಳೆಷ್ಟು ಎಂದು ಕೇಳಿದರು. ಎರಡು ಎಂದೆ, ಯಜಮಾನನ ಗತ್ತಿನಲ್ಲಿ. ಒಳಗೆ ತೊಟ್ಟಿಲಲ್ಲಿ ಕೂಸು ಅಳುತ್ತಿತ್ತು. ಪಕ್ಕದ ಮನೆಯವರದು ಇರಬೇಕು ಅಂದುಕೊಂಡಿದ್ದೆ.

ಹೆಂಡತಿ ಬಾಗಿಲ ಮರೆಯಿಂದಲೇ ಹೇಳಿದಳು: "ಮೂರು ಬರ್ಕೊಳ್ರಿ ನರ್ಸಮ್ಮ. ಇವರಿಗೆ ಎರಡರದ್ದೇ ಗುರ್ತು ಐತಿ."

೨. ಬೀಗದ ಕೈ

ಮೂರನೆಯ ಹೆರಿಗೆಯಲ್ಲಿ ಆಕೆ ಸತ್ತು ಬದುಕಿದ್ದಳಂತೆ. ಇನ್ನೊಂದು ಬಸುರಾದರೆ ಜೀವ ಉಳಿಯುವುದು ಕಷ್ಟ, ಬಸುರು ನಿಲ್ಲದ ಹಾಗೆ ಈಗ ಆಸ್ಪತ್ರೆಯಲ್ಲಿ ಗುಳಿಗೆ ಕೊಡುತ್ತಾರೆ, ವಿಚಾರ ಮಾಡಿರಿ ಎಂದು ನರ್ಸಮ್ಮ ಹೇಳಿ ಹೋದರು. ಹೆಂಡತಿಗೆ ಅತ್ತಲೂ ಅಂಜಿಕೆ, ಇತ್ತಲೂ ಅಂಜಿಕೆ. ಮೊದಲು ತಗೊಂಡು ಬರ್ರಿ, ನೋಡಿ ಹೇಳ್ತೀನಿ ಅಂದಳು.

ಆದವಾನಿಯಲ್ಲಿ ಕೇಳಿದರೆ ನಾಲ್ಕು ಜನಕ್ಕೆ ಗೊತ್ತಾಗುತ್ತದೆಂದು ಎಮ್ಮಿಗನೂರಿಗೆ ಹೋದೆ. ಆಸ್ಪತ್ರೆಯ ಸಾಲಿನಲ್ಲಿ ಎಲ್ಲರೂ ಹೆಂಗಸರು, ನಡುವೆ ನಾನೊಬ್ಬ. ಕಾಂಪೌಂಡರು ಹೇಗೆ ಬಳಸಬೇಕೆಂದು ಬಾಯಿ ತೆಗೆಯುತ್ತಲೇ ನನ್ನ ಕಿವಿ ಕೆಂಪಾಗಿ, ಗುಳಿಗೆಯ ಡಬ್ಬಿ ಕಸಿದುಕೊಂಡು ಓಡಿ ಬಂದು ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಹೆದರಿಕೆ ಸುರುವಾಯಿತು. ಮೊದಲೇ ಸೊರಗಿದ ಹೆಂಗಸು, ಗುಳಿಗೆಯಿಂದ ಏನಾದರೂ ಆದರೆ? ಆಗುವುದಾದರೆ ಮೊದಲು ನನಗೇ ಆಗಲಿ ಎಂದು ಒಂದನ್ನು ಬಾಯಿಗೆ ಹಾಕಿಕೊಂಡೆ. ಗಳಿಗೆಯಲ್ಲಿ ಬಾಯಿ, ಮೂಗು ಎಲ್ಲಾ ನೊರೆ. ಮೂರ್ಛೆರೋಗ ಎಂದು ಯಾರೋ ಕೂಗಿದರು. ಬಸ್ಸು ನಿಂತಿತು. ಒಬ್ಬ ಮೂಗಿಗೆ ಚಪ್ಪಲಿ ಹಿಡಿದ. ಮುದುಕಿಯೊಬ್ಬಳು ಕಬ್ಬಿಣ ಹಿಡಿದರೆ ಮೂರ್ಛೆ ತಿಳಿಯುತ್ತದೆಂದು ಸೊಂಟದ ಬೀಗದ ಕೈ ತೆಗೆದು ನನ್ನ ಅಂಗೈಯಲ್ಲಿ ಒತ್ತಿದಳು.

ಮೇಷ್ಟ್ರೊಬ್ಬರು ಕೆಳಗೆ ಬಿದ್ದ ಡಬ್ಬಿ ಎತ್ತಿ ಓದಿದರು. "ಇದಿ ಮಿಂಗೇದಿ ಕಾದಯ್ಯಾ," ಅಂದರು. ಇದು ನುಂಗುವುದಲ್ಲ, ಮಕ್ಕಳಾಗದಿರಲೆಂದು ಹೆಂಗಸರು ಒಳಗಿಟ್ಟುಕೊಳ್ಳುವುದು ಎಂದು ಇಡೀ ಬಸ್ಸಿಗೆ ಪಾಠದಂತೆ ಬಿಡಿಸಿ ಹೇಳಿದರು.

ಮುದುಕಿ ತನ್ನ ಬೀಗದ ಕೈ ವಾಪಸು ತೆಗೆದುಕೊಂಡಳು. "ಏಳಪ್ಪ, ಅಂಜಬ್ಯಾಡ. ಈ ತಿಂಗಳು ನಿನಗ ಬಸುರು ನಿಲ್ಲಂಗಿಲ್ಲ."

೩. ಭಾರ

ಆ ಬಸ್ಸಿನಲ್ಲಿ ನಾನು ಕೆಲಸಕ್ಕೆ ಸೇರಿದ್ದ ಹತ್ತಿ ಪ್ರೆಸ್ಸಿನ ಹಮಾಲನೊಬ್ಬ ಇದ್ದನಂತೆ. ಮರುದಿನ ಹತ್ತಿಯ ಮೂಟೆಗೆ ಕೈ ಹಚ್ಚಿದೆ, ಮೇಸ್ತ್ರಿ ತಡೆದ.

"ನೊರಿ ಎಲ್ಲಾ ಉಗುಳಿಬಿಟ್ಟಿಯಂತ. ಗುಳಿಗಿ ಮೈಗೆ ಹತ್ತಿಲ್ಲ. ಭಾರ ಎತ್ತಬ್ಯಾಡೋ ತಮ್ಮಾ, ಕುಂದ್ರು."

೪. ಆಕೆಯ ತೀರ್ಮಾನ

ಬಸ್ಸಿನಲ್ಲಿ ಆದದ್ದನ್ನು ಹೆಂಡತಿಗೆ ತಪ್ಪೊಪ್ಪಿಗೆಯಂತೆ ಹೇಳಿದ್ದೆ. ಆಕೆ ನಗಲಿಲ್ಲ. ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದಳು: "ಎಷ್ಟು ದಿನ ಇರ್ತೀರಿ?"

ಇದೆಂಥ ಪ್ರಶ್ನೆ ಎಂದೆ.

"ನೀವು ಇರೂದಾದ್ರ ಇದನ್ನ ಸುರು ಮಾಡ್ತೀನಿ. ಮೂರು ಮಕ್ಕಳನ್ನ ಬಿಟ್ಟು ಸಾಯಾಕ ನನಗ ಮನಸಿಲ್ಲ. ಹೋಗೂದಾದ್ರ ಸುಮ್ಮನ ಯಾಕ? ಗಟ್ಟಿ ಮಾಡಿ ಹೇಳ್ರಿ."

ಇರುತ್ತೇನೆ ಎನ್ನಲು ಬಾಯಿ ತೆರೆದೆ. ತೆರೆದವನು ದುಪ್ಪಟಿ ಎತ್ತಿಕೊಂಡು ಹೊರಗೆ ನಡೆದೆ. ಅಂದಿನಿಂದ ನಾನು ಕಟ್ಟೆಯ ಮೇಲೆ ಮಲಗಿದೆ. ಆಕೆ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದಳು. ಉತ್ತರ ಕೊಡಬೇಕಾಗುತ್ತದೆಂದು ಊಟಕ್ಕೂ ಆಕೆ ನೀರಿಗೆ ಹೋದಾಗಲೇ ಕೂಡುತ್ತಿದ್ದೆ. ಎಂಟನೆಯ ದಿನ ದುಪ್ಪಟಿ ಹಾಸಿ, ನನ್ನ ಎರಡು ಅಂಗಿ ಇಟ್ಟು ಗಂಟು ಕಟ್ಟತೊಡಗಿದೆ.

ಅದೇ ಹೊತ್ತಿಗೆ ಪಕ್ಕದ ಮನೆಯಾಕೆ ಬಂದು, ಗುಳಿಗೆ ಸುರು ಮಾಡಿದೆಯೇನೆ ಎಂದು ಹೆಂಡತಿಯ ಕಿವಿಯಲ್ಲಿ ಕೇಳಿದಳು. ಹೆಂಡತಿ ಡಬ್ಬಿಯನ್ನು ತಂದು ಆಕೆಯ ಕೈಯಲ್ಲಿಟ್ಟಳು.

"ನೀ ಒಯ್ಯವ್ವ, ನಿನ್ನ ಗಂಡ ಮನ್ಯಾಗ ಇರಾಂವ," ಅಂದಳು. ನನ್ನ ಗಂಟಿನ ಕಡೆ ಗದ್ದ ತೋರಿಸಿದಳು. "ನನ್ನ ಗುಳಿಗಿ ಗುಂತಕಲ್ ಗಾಡಿ ಹತ್ತಾಕ ಹೊಂಟೈತಿ."